ಇಂಜಿನ್ನಿನ ಕೆಂಪು ಮುಚ್ಚಳ

ರೈಲು ಮ್ಯೂಸಿಯಮ್ಮಿನ ಜಾಗ ಕೊಂಡವರ ಮ್ಯಾನೇಜರ್ ನನಗೆ ಫೋನ್ ಮಾಡಿದ್ದು ಅದು ಮೂರನೇ ಸಲ. ಮೊದಲೆರಡು ಸಲ ಮರ ಕಡೆಯುವ ಲೇತ್ ನಿಲ್ಲಿಸದೆಯೇ ಫೋನ್ ಎತ್ತಿ, "ಏನೂ ಕೇಳಿಸ್ತಿಲ್ಲ" ಅಂತ ಇಟ್ಟುಬಿಟ್ಟಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಮುಚ್ಚಿಟ್ಟು ಒಳ್ಳೆಯವಳಾಗುವ ಆಸೆ ಈ ವಯಸ್ಸಿನಲ್ಲಿ ನನಗಿಲ್ಲ. ಮೂರನೇ ಸಲ ಮಾತ್ರ ಅವನ ದನಿ ಬೇರೆಯಾಗಿತ್ತು, ಲೇತ್ ನಿಲ್ಲಿಸಿದೆ.

"ಮೇಡಂ, ಎರಡು ಇಂಜಿನ್ ಸಾಗಿಸಿ ಆಯ್ತು. ನಿಮ್ಮ ತಂದೆಯವರು ಕೆಲಸ ಮಾಡ್ತಿದ್ದ ಇಂಜಿನ್ ಮಾತ್ರ ಉಳಿದಿದೆ. ವಾಚ್‌ಮನ್ ಬಿಡ್ತಿಲ್ಲ. ಈಗ ಕ್ರೇನ್‌ನವರೂ ಮುಟ್ಟಲ್ಲ ಅಂತಿದ್ದಾರೆ. ಕೆಳಗೆ ಆಳು ಇದ್ದಾರಂತೆ."

"ಯಾವ ಆಳು?" ಅಂದೆ.

"ನಿಮ್ಮ ತಂದೆಯವರು ಅಂತಾರೆ ಮೇಡಂ."

ಅಪ್ಪ ತೀರಿಕೊಂಡು ಆಗ ಹತ್ತು ತಿಂಗಳಾಗಿತ್ತು. ಗುಡೇಮಾರನಹಳ್ಳಿಯ ನಮ್ಮ ಹೊಲದ ಬದುವಿನ ಪಕ್ಕ ನಾವೇ ಮಣ್ಣು ಮಾಡಿ ಬಂದಿದ್ದೆವು. ಮೂರು ಹಿಡಿ ಮಣ್ಣು ನಾನೂ ಹಾಕಿದ್ದೆ. ಆದರೂ ಮ್ಯಾನೇಜರ್ ಹಾಗೆಂದಾಗ, ಏನು ಮಾತಾಡ್ತಿದ್ದೀಯಾ ಅಂತ ರೇಗಬೇಕಾದ ನಾನು ರೇಗಲಿಲ್ಲ. ಯಾಕೆಂದರೆ ಅಲ್ಲಿ ಏನು ನೇತಾಡುತ್ತಿದೆ, ಯಾಕೆ ನೇತಾಡುತ್ತಿದೆ ಎಂಬುದು ನನಗೆ ಗೊತ್ತಿತ್ತು.

ನಾನು ಚನ್ನಪಟ್ಟಣದಲ್ಲಿ ಬಣ್ಣದ ಮರದ ಕೆಲಸ ಮಾಡುವವಳು. ಗೊಂಬೆ, ಬುಗುರಿ ಎಲ್ಲರೂ ಮಾಡುತ್ತಾರೆ. ನನ್ನ ಕೈ ಪಳಗಿರುವುದು ಕುಂಕುಮದ ಭರಣಿಗೆ. ಹಾಲೆ ಮರದ ಒಂದೇ ತುಂಡಿನಲ್ಲಿ ಡಬ್ಬಿಯನ್ನೂ ಮುಚ್ಚಳವನ್ನೂ ಕಡೆದು, ಅರಗಿನ ಬಣ್ಣ ಹತ್ತಿಸಿ, ತಾಳೆ ಗರಿಯಲ್ಲಿ ಉಜ್ಜಿ ಹೊಳಪು ತರುತ್ತೇನೆ. ಮುಚ್ಚಳ ಸರಿಯಾಗಿ ಕೂತಾಗ ಟಕ್ ಎಂದು ಒಂದು ಸದ್ದು ಬರುತ್ತದೆ. ಆ ಸದ್ದು ಬರದ ಭರಣಿಯನ್ನು ನಾನು ಮಾರುವುದಿಲ್ಲ.

ಅಪ್ಪ ಉಗಿ ಇಂಜಿನ್ನುಗಳ ಕಾಲದಲ್ಲಿ ರೈಲ್ವೆ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದವನು. ಉಗಿ ಇಂಜಿನ್ನು ನಿಂತ ಮೇಲೂ ಅಲ್ಲೇ ದುಡಿದು, ಸರ್ವೀಸ್ ಮುಗಿಸಿ ಮನೆಗೆ ಬಂದ. ಆದರೆ ಅವನ ಮನಸ್ಸು ಮನೆಗೆ ಬರಲೇ ಇಲ್ಲ. ಅಷ್ಟರಲ್ಲಿ, ಹಳೇ ರೈಲಿನ ಹುಚ್ಚು ಹಿಡಿದಿದ್ದ ಒಬ್ಬ ಅನುಕೂಲಸ್ಥರು ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ, ಹಳಿಯ ಪಕ್ಕದ ತಮ್ಮ ತೋಟದಲ್ಲಿ ಮೂರು ಇಂಜಿನ್ನು, ಎರಡು ಬೋಗಿ ತಂದು ನಿಲ್ಲಿಸಿ ಮ್ಯೂಸಿಯಂ ಮಾಡಿದರು. ಅಪ್ಪನನ್ನೂ, ಶೆಡ್ಡಿನಲ್ಲಿ ಅಪ್ಪನ ಜೊತೆ ದುಡಿದಿದ್ದ ಇನ್ನೊಬ್ಬನನ್ನೂ ಕೆಲಸಕ್ಕೆ ಕರೆದರು. ಆ ಇನ್ನೊಬ್ಬನನ್ನು ನಾನು ಚಿಕ್ಕಂದಿನಿಂದ ಮಾವ ಅಂತಲೇ ಕರೆಯುವುದು. ಅವನು ಹಗಲು ಕ್ಲೀನರ್, ಮಿಕ್ಕ ಹೊತ್ತು ವಾಚ್‌ಮನ್.

ಮ್ಯೂಸಿಯಮ್ಮಿಗೆ ಬಂದ ಮೊದಲ ವಾರವೇ ಅಪ್ಪ ಶೆಡ್ಡಿನ ಪದ್ಧತಿಯನ್ನು ಅಲ್ಲಿಗೂ ತಂದ. ಇಂಜಿನ್ನಿನ ಕೆಳಗಿರುವ ಗುಂಡಿಗೆ ಇಳಿಯುವವನು ಮೊದಲು ಮೇಲೆ ಹತ್ತಿ, ಇಂಜಿನ್ ನಡೆಸುವ ಉದ್ದನೆಯ ಹಿಡಿಗೆ ತನ್ನ ಬಿಲ್ಲೆ ನೇತುಹಾಕಬೇಕು. ಬಿಲ್ಲೆ ನೇತಾಡುತ್ತಿದೆ ಅಂದರೆ ಕೆಳಗೆ ಆಳಿದ್ದಾನೆ. ಎಂಥ ದೊಡ್ಡ ಸಾಹೇಬ ಬಂದು ಹೇಳಿದರೂ ಆ ಇಂಜಿನ್ನನ್ನು ಅಲುಗಾಡಿಸುವಂತಿಲ್ಲ. ಹಾಕಿದವನೇ ಮೇಲೆ ಬಂದು ತೆಗೆಯಬೇಕು. ಅವನಿಗೆ ಆಗದಿದ್ದರೆ ತನ್ನ ಕೈಯಾರೆ ಇನ್ನೊಬ್ಬನಿಗೆ ಗುರುತು ಕೊಡಬೇಕು. ಆ ಇನ್ನೊಬ್ಬ ಗುಂಡಿಗೆ ಇಳಿದು, ಯಾರಾದರೂ ಇದ್ದೀರಾ ಅಂತ ಮೂರು ಸಲ ಕೂಗಿ, ಇಳಿದ ಕಡೆಯಿಂದಲೇ ಹತ್ತಿ ಬಂದು ಬಿಲ್ಲೆ ತೆಗೆಯಬೇಕು.

ಶೆಡ್ಡಿನಲ್ಲಿ ತಗಡಿನ ಬಿಲ್ಲೆಗಳಿದ್ದವಂತೆ. ಇಲ್ಲಿಗೆ ನೀನೇ ಮಾಡಿಕೊಡು ಅಂದ ಅಪ್ಪ. ನನಗೆ ಬರುವುದು ಭರಣಿ, ಭರಣಿಯನ್ನೇ ಮಾಡಿಕೊಟ್ಟೆ. ಮುಚ್ಚಳಕ್ಕೆ ತೂತು ಕೊರೆದು ದಾರ ಕಟ್ಟಿದೆ. ಮುಚ್ಚಳ ಇಂಜಿನ್ನಿನ ಹಿಡಿಗೆ, ಡಬ್ಬಿ ಗುರುತಾಗಿ ಆಳಿನ ಜೇಬಿಗೆ. ಮೇಲೆ ಬಂದ ಮೇಲೆ ಎರಡನ್ನೂ ಸೇರಿಸಿ ಮುಚ್ಚಬೇಕು. ಅಪ್ಪನದು ಕೆಂಪು, ನಡುವೆ ಎರಡು ಹಳದಿ ಗೆರೆ. ಮಾವನದು ಹಸಿರು. ಟಕ್ ಎಂಬ ಆ ಸದ್ದು ಕೇಳಿದಾಗ ಅಪ್ಪನ ಮುಖ ನೋಡಬೇಕಿತ್ತು. "ಆಳು ಮೇಲಕ್ಕೆ ಬಂದ ಅಂತ ಮರಾನೇ ಹೇಳ್ತದೆ ನೋಡು" ಅಂತ ಊರಿಗೆಲ್ಲ ತೋರಿಸಿಕೊಂಡು ಬಂದ.

ನಾನು ಅವನನ್ನು ರೇಗಿಸುತ್ತಿದ್ದೆ. ಹೊಟ್ಟೆಯಲ್ಲಿ ಬೆಂಕಿಯೇ ಇಲ್ಲದ ಇಂಜಿನ್ನು, ಭಾನುವಾರ ಮಕ್ಕಳಿಗೋಸ್ಕರ ಟ್ರ್ಯಾಕ್ಟರಿಗೆ ಕಟ್ಟಿ ನಾಲ್ಕು ಮಾರು ಎಳೆಯುವುದು ಬಿಟ್ಟರೆ ಅದಕ್ಕೆ ಬೇರೆ ಗತಿಯಿಲ್ಲ, ಅದಕ್ಕೆಂಥ ಬಿಲ್ಲೆ ಅಂತ. ಅಪ್ಪ ನಗುತ್ತಿರಲಿಲ್ಲ. ಈ ಒಂದು ವಿಷಯಕ್ಕೆ ಮಾತ್ರ ಅವನು ನಗುತ್ತಿರಲಿಲ್ಲ.

ಜಾಗದ ಯಜಮಾನರು ಹೋದ ಮೇಲೆ ಮ್ಯೂಸಿಯಂ ಮುಚ್ಚಿತು. ಆದರೂ ಅಪ್ಪ ಹೋಗಿ ಗ್ರೀಸ್ ಹಚ್ಚಿ ಬರುವುದನ್ನು ಬಿಡಲಿಲ್ಲ. ಒಂದು ದಿನ ಗುಂಡಿಯಲ್ಲಿದ್ದವನಿಗೆ ಬೆವರು ಕಿತ್ತುಕೊಂಡು ಬಂತಂತೆ. ಹೇಗೋ ಮೇಲೆ ಬಂದು ಕೂತಿದ್ದಾನೆ. ಮಾವ ಹೊತ್ತುಕೊಂಡು ಹೋಗಿ ಆಟೋ ಹತ್ತಿಸಿದ. ರಾಮನಗರದ ಆಸ್ಪತ್ರೆಗೆ ನಾನು ಓಡಿ ಹೋದಾಗ ಅಪ್ಪನ ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಮೂರು ವಾರ ಅಲ್ಲಿದ್ದ. ಜೊತೆಗಿದ್ದವಳು ನಾನೊಬ್ಬಳೇ. ಎರಡನೇ ದಿನವೇ ಹೇಳಿದ: "ಇಂಜಿನ್ ಮೇಲೆ ಮುಚ್ಚಳ ಹಂಗೇ ಐತೆ ಕಣವ್ವ. ಒಸಿ ಹೋಗಿ ನೋಡ್ಕೊಂಡು ಬಾ." ನಾಳೆ ಅಂದೆ. ದಸರಾ ಮುಂದಿತ್ತು, ಅಂಗಡಿಯವರಿಗೆ ಕೊಡಬೇಕಾದ ಭರಣಿ ಬಾಕಿ ಇತ್ತು, ಹಗಲು ಲೇತು, ಮಿಕ್ಕ ಹೊತ್ತು ಆಸ್ಪತ್ರೆ. ನಾಳೆ, ನಾಳೆ ಅಂತ ಒಂದು ವಾರ ತಳ್ಳಿದೆ. ಒಂದು ಸಂಜೆ ಮತ್ತೆ ಕೇಳಿದ.

"ಹೋಗಿದ್ದಾ?"

ಅವನ ಬಲಗೈ ದಿಂಬಿನ ಕೆಳಗಿತ್ತು. ನೋವಿಗೆ ಹಾಗೆ ಹಿಡಿದುಕೊಂಡಿದ್ದಾನೆ ಅಂದುಕೊಂಡೆ. ನನಗೂ ಸಾಕಾಗಿತ್ತು. ಅವನಿಗೆ ನೆಮ್ಮದಿಯಾಗಲಿ ಅಂತ ಅಂದೆ ಎಂದು ಆಮೇಲೆ ಎಷ್ಟೋ ಜನರಿಗೆ ಹೇಳಿಕೊಂಡಿದ್ದೇನೆ. ನಿಜವೇನೆಂದರೆ, ಇನ್ನೊಂದು ಸಲ ಆ ಪ್ರಶ್ನೆ ನನಗೆ ಬೇಡವಾಗಿತ್ತು.

"ಹೋಗಿದ್ದೆ ಅಪ್ಪ. ತೆಗ್ದು ಮುಚ್ಚಿಟ್ಟೆ."

"ಸದ್ದು ಬಂತಾ?"

"ಬಂತು. ಟಕ್ ಅಂತು."

ಅಪ್ಪ ನನ್ನ ಮುಖವನ್ನೇ ನೋಡಿದ. ದಿಂಬಿನ ಕೆಳಗಿದ್ದ ಕೈ ನಿಧಾನವಾಗಿ ಹೊರಗೆ ಬಂತು. ಖಾಲಿ ಇತ್ತು. "ಹೂಂ" ಅಂದವನು ಗೋಡೆಯ ಕಡೆ ತಿರುಗಿ ಮಲಗಿದ. ಆಮೇಲೆ ಕೇಳಲಿಲ್ಲ.

ಅವನು ಹೋದ ಬೆಳಿಗ್ಗೆ ದಿಂಬಿನ ಚೀಲ ಬದಲಿಸಲು ಬಂದ ಆಯಾ, "ಇದು ನಿಮ್ದೇನಮ್ಮ?" ಅಂತ ಒಂದು ಡಬ್ಬಿ ಕೈಗಿಟ್ಟಳು. ಕೆಂಪು, ಎರಡು ಹಳದಿ ಗೆರೆ. ಮುಚ್ಚಳವಿಲ್ಲದ ಡಬ್ಬಿ. ಅದು ಅವನ ಬಳಿ ಇದ್ದಷ್ಟು ಹೊತ್ತು ಮುಚ್ಚಳ ಎಲ್ಲೂ ಟಕ್ ಅನ್ನುವಂತಿರಲಿಲ್ಲ. ನಾನು ಸುಳ್ಳು ಹೇಳುತ್ತಿದ್ದಾಗ ಅವನ ಬೆರಳು ಆ ಡಬ್ಬಿಯ ಮೇಲೇ ಇತ್ತು. ನನಗೆ ಕೊಡಬೇಕೆಂದೇ ಕೈ ಹಾಕಿದ್ದನೇನೋ.

ಮಣ್ಣಿಗೆ ಊರೆಲ್ಲ ಬಂದರೂ ಮಾವ ಬರಲಿಲ್ಲ. ಅಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವನು ಆಸ್ಪತ್ರೆಗೂ ಬರಲಿಲ್ಲ, ಮಣ್ಣಿಗೂ ಬರಲಿಲ್ಲ ಅಂತ ನನಗೆ ಹೊಟ್ಟೆ ಉರಿದುಹೋಗಿತ್ತು. ಅವನ ಹೆಸರೆತ್ತಿದವರ ಮೇಲೆಲ್ಲ ಹರಿಹಾಯ್ದೆ. ಹತ್ತು ತಿಂಗಳು ಆ ಕಡೆ ತಲೆ ಹಾಕಿರಲಿಲ್ಲ. ಡಬ್ಬಿ ಮಾತ್ರ ಲೇತಿನ ಪಕ್ಕದ ಗೂಡಿನಲ್ಲಿತ್ತು. ಕೆಲಸ ಮಾಡುವಾಗ ಅದಕ್ಕೆ ಬೆನ್ನು ಹಾಕಿ ಕೂರುವ ಅಭ್ಯಾಸ ಮಾಡಿಕೊಂಡಿದ್ದೆ.

ಫೋನ್ ಬಂದ ಮಾರನೇ ದಿನ ಮಧ್ಯಾಹ್ನ ಡಬ್ಬಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋದೆ. ಗೇಟಿನ ಬಳಿ ಕ್ರೇನು, ಉದ್ದನೆಯ ಟ್ರೇಲರ್ ನಿಂತಿದ್ದವು. ಕೆಲಸದವರು ಹುಣಸೆಮರದ ಕೆಳಗೆ ಸುಮ್ಮನೆ ಕೂತಿದ್ದರು. ಇಂಜಿನ್ನು ಬೈರಮಂಗಲದ ಕಡೆ ಯಾವುದೋ ರೆಸಾರ್ಟಿಗೆ ಹೋಗಬೇಕಂತೆ, ಅದರ ಮುಂದೆ ಜನ ಫೋಟೋ ಹಿಡಿಸಿಕೊಳ್ಳುವುದಕ್ಕೆ. ಮ್ಯಾನೇಜರ್ ನನ್ನನ್ನು ಒಳಗೆ ಬಿಟ್ಟು ತಾನು ಗೇಟಿನಲ್ಲೇ ಉಳಿದ.

ಒಳಗೆ ಹುಲ್ಲು ಸೊಂಟದವರೆಗೆ ಬೆಳೆದಿತ್ತು. ಸ್ಟೇಷನ್ ಅಂತ ಕಟ್ಟಿದ್ದ ಸಣ್ಣ ಕಟ್ಟಡದ ಬಾಗಿಲು ತೆರೆದೇ ಇತ್ತು. ಸೀರೆ ಅಂಗಡಿಯ ಹಳೇ ಗೊಂಬೆಗಳಿಗೆ ಖಾಕಿ, ಕರಿ ಕೋಟು ತೊಡಿಸಿ ಸ್ಟೇಷನ್ ಮಾಸ್ಟರ್, ಟಿಕೆಟ್ ಕಲೆಕ್ಟರ್ ಅಂತ ಕೂರಿಸಿದ್ದರಲ್ಲ, ಅವರು ಹಾಗೇ ಇದ್ದರು. ತುಟಿಗೆ ಹಚ್ಚಿದ್ದ ಬಣ್ಣ ಹೋಗಿರಲಿಲ್ಲ. ಮಾಸ್ಟರಿನ ಕಣ್ಣಿನ ಮೇಲೆ ಕಣಜ ಗೂಡು ಕಟ್ಟಿತ್ತು. ಹಿಂದೆಲ್ಲ ಅವರನ್ನು ನೋಡಿ ನಗುತ್ತಿದ್ದೆ. ಆವತ್ತು ಅವರ ಮುಂದೆ ಹಾದುಹೋಗುವಾಗ ಯಾಕೋ ಸೆರಗು ಸರಿಮಾಡಿಕೊಂಡೆ.

ಮಾವ ಇಂಜಿನ್ನಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದ. ಸೊರಗಿ ಹೋಗಿದ್ದ. ನಾನು ಬೈಯಲೆಂದು ಮಾತು ಜೋಡಿಸಿಕೊಂಡು ಬಂದಿದ್ದೆ.

"ಮಣ್ಣಿಗೂ ಬರ್ಲಿಲ್ವಲ್ಲ ಮಾವ ನೀನು."

"ಹೆಂಗವ್ವ ಬರ್ಲಿ?" ಅಂದ. "ಮುಚ್ಚಳ ನೇತಾಡ್ತೈತೆ. ಕೆಳಗೆ ಆಳವ್ನೆ. ಬುಟ್ಟು ಬಂದ್ರೆ ಇವ್ರು ಎಳ್ಕೊಂಡು ಹೋಗ್ಬುಡ್ತಾರೆ."

ಅವನ ಕಾಲ ಬಳಿ, ಗುಂಡಿಯ ಅಂಚಿನಲ್ಲಿ ಅಪ್ಪನ ಚಪ್ಪಲಿ ಇತ್ತು. ಇಳಿಯುವಾಗ ಬಿಟ್ಟದ್ದು, ಗುಂಡಿಯ ಕಡೆಗೆ ಮುಖ ಮಾಡಿ. ಸುತ್ತ ಗುಡಿಸಿದ ಗುರುತಿತ್ತು. ಹತ್ತು ತಿಂಗಳು ಅವನು ಅದನ್ನು ಕದಲಿಸದೆ ಸುತ್ತಲೇ ಗುಡಿಸಿದ್ದ. ನಾನು ಜೋಡಿಸಿಕೊಂಡು ಬಂದ ಬೈಗುಳ ಅಲ್ಲಿಗೇ ನಿಂತಿತು.

"ಹೊತ್ತು ಇಳಿಯೋ ಹೊತ್ಗೆ ಕೆಳಗಿಂದ ಟಕ್ ಅಂತದೆ," ಅಂದ ಮಾವ. "ದಿನಾಲೂ. ಕ್ರೇನ್‌ನೋರೂ ಕೇಳವ್ರೆ."

"ಬಿಸಿಲಿಗೆ ಕಾದ ಕಬ್ಬಿಣ ಮಾವ. ತಣ್ಣಗಾಗ್ತಾ ಸದ್ದು ಮಾಡ್ತದೆ. ನೀನು ಶೆಡ್ಡಲ್ಲಿ ಕೇಳಿಲ್ವಾ?"

"ಕಬ್ಬಿಣದ ಸದ್ದು ನಂಗೊತ್ತಿಲ್ವಾ?" ಅಂದ. "ಇದು ಮರದ ಸದ್ದು."

ನಾನು ಇಂಜಿನ್ ಹತ್ತಿದೆ. ಮೇಲೆ, ಡ್ರೈವರ್ ನಿಲ್ಲುವ ಜಾಗದಲ್ಲೂ ಒಂದು ಗೊಂಬೆ. ನೀಲಿ ಅಂಗಿ, ಟೋಪಿ, ಕೈ ಹಿಡಿಯ ಮೇಲೆ. ಅದರ ಬೆರಳಿನ ಪಕ್ಕದಲ್ಲೇ ಅಪ್ಪನ ಕೆಂಪು ಮುಚ್ಚಳ ನೇತಾಡುತ್ತಿತ್ತು. ಗಾಳಿಗೆ ಅಲ್ಲಾಡಿ ಆ ಪ್ಲಾಸ್ಟಿಕ್ ಬೆರಳಿಗೆ ತಾಕಿತು. ಟಕ್.

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಇಷ್ಟೇ. ಇಷ್ಟಕ್ಕೆ ಒಂದು ಕ್ರೇನು, ಅಷ್ಟು ಜನ ಗಂಡಸರು ಮರದ ಕೆಳಗೆ ಕೂತಿದ್ದಾರೆ. ಮಾವನಿಗೆ ಕೂಗಿ ಹೇಳಬೇಕೆಂದು ಮುಚ್ಚಳವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಹಿಡಿದುಕೊಂಡೇ ಇದ್ದೆ. ಆಗ ಕೆಳಗಿನಿಂದ, ನನ್ನ ಪಾದದಡಿಯಿಂದ, ಇನ್ನೊಂದು ಸಲ ಟಕ್ ಅಂತು.

ಮಾವ ಕತ್ತೆತ್ತಿ ನೋಡಿದ.

ಬೇಗ ಮುಗಿಸಿಬಿಡೋಣ ಅನ್ನಿಸಿತು. ದಾರ ಬಿಚ್ಚದೆಯೇ ಮುಚ್ಚಳಕ್ಕೆ ಡಬ್ಬಿ ಒತ್ತಿದೆ. ಕೂರಲಿಲ್ಲ. ತಿರುಗಿಸಿ ಒತ್ತಿದೆ. ಕೂರಲಿಲ್ಲ. ನನ್ನ ಕೈಯಲ್ಲೇ ಒಂದೇ ಮರದಿಂದ ಹುಟ್ಟಿದ ಜೋಡಿ. ಒಂದು ಮಳೆಗಾಳಿಯಲ್ಲಿ, ಇನ್ನೊಂದು ಗೂಡಿನ ಬೆಚ್ಚಗೆಯಲ್ಲಿ ಹತ್ತು ತಿಂಗಳು ಕಳೆದು ಒಂದಕ್ಕೊಂದು ಗುರುತು ಸಿಗದಂತಾಗಿದ್ದವು.

"ಸದ್ದು ಬರ್ಲಿಲ್ಲ," ಅಂದ ಮಾವ ಕೆಳಗಿನಿಂದ.

"ಮರ ಉಬ್ಕೊಂಡೈತೆ ಮಾವ."

"ಡಬ್ಬಿ ನಿನ್ತಾವ ಹೆಂಗ್ ಬಂತು? ಅವ್ನೇ ಕೈಯಾರೆ ಕೊಟ್ಟನೇನವ್ವ?"

ಹೂಂ ಅಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಮಾವ ನಂಬುತ್ತಿದ್ದ. ಕ್ರೇನು ಒಳಗೆ ಬರುತ್ತಿತ್ತು, ನಾನು ಐದು ಗಂಟೆಯ ಬಸ್ಸಿಗೆ ಮನೆಗೆ ಹೋಗುತ್ತಿದ್ದೆ. ಆ ಒಂದು ಅಕ್ಷರ ನಾಲಿಗೆಯ ತುದಿಯವರೆಗೆ ಬಂದಿತ್ತು. ಪಕ್ಕದಲ್ಲಿ ಗೊಂಬೆ ನೇರ ಮುಂದಕ್ಕೆ ನೋಡುತ್ತಾ ನಿಂತಿತ್ತು.

"ಇಲ್ಲ ಮಾವ," ಅಂದೆ. "ಕೊಡಕ್ಕೆ ಅಂತ ಕೈ ಹಾಕಿದ್ದ. ಅಷ್ಟ್ರಲ್ಲಿ ನಾನು ಸುಳ್ಳು ಹೇಳ್ಬುಟ್ಟೆ. ಬಂದು ತೆಗ್ದಿದ್ದೀನಿ ಅಂದೆ. ಟಕ್ ಅಂತು ಅಂತಾನೂ ಅಂದೆ."

ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಂಗೆ ಹೇಳಿ ಏನ್ ಬಂತವ್ವ?" ಅಂದ. "ಇಳ್ದು ಅವನ್ಗೆ ಹೇಳು."

ಇಂಜಿನ್ನಿನಿಂದ ಇಳಿದು ಚಪ್ಪಲಿ ಬಿಟ್ಟೆ. ಅಪ್ಪನ ಚಪ್ಪಲಿಯ ಪಕ್ಕದಲ್ಲೇ ಬಿಟ್ಟೆ. ಗುಂಡಿಯ ಮೆಟ್ಟಿಲು ಪಾಚಿ ಹಿಡಿದಿತ್ತು. ಕೆಳಗೆ ಎದೆಯ ಮಟ್ಟದ ಗೋಡೆ, ತಲೆಯ ಮೇಲೆ ಇಂಜಿನ್ನಿನ ಹೊಟ್ಟೆ. ಎರಡೂ ತುದಿಯಲ್ಲಿ ಬಿಸಿಲಿನ ಚೌಕ ಕಾಣುತ್ತಿತ್ತು, ನಡುವೆ ಕತ್ತಲೆ. ಅಪ್ಪ ಕೂರುತ್ತಿದ್ದ ಮಣೆ ಅಲ್ಲಿತ್ತು. ಗ್ರೀಸಿನ ಡಬ್ಬದಲ್ಲಿ ಅವನ ಬೆರಳು ಎಳೆದ ಗುರುತು ಹಾಗೇ ಇತ್ತು. ನನಗೆ ಭಯವಾಯಿತು, ಸುಳ್ಳು ಯಾಕೆ ಹೇಳಲಿ. ಅಪ್ಪನ ಭಯವಲ್ಲ. ಕರೆದರೆ ಓಗೊಡುತ್ತಾನೋ ಏನೋ ಎಂಬ ಭಯ ಒಂದು ಕಡೆ, ಓಗೊಡದಿದ್ದರೆ ಎಂಬ ಭಯ ಇನ್ನೊಂದು ಕಡೆ.

"ಕೆಳಗೆ ಯಾರಾದ್ರೂ ಇದ್ದೀರಾ?" ಅಂತ ಕೂಗಿದೆ. ನನ್ನ ದನಿ ಬಾಯ್ಲರಿನೊಳಗೆ ಹೋಗಿ ದಪ್ಪಗಾಗಿ ವಾಪಸು ಬಂತು.

ಎರಡನೇ ಸಲ ಕೂಗುವಾಗ ಪಕ್ಕದ ಹಳಿಯಲ್ಲಿ ಮೈಸೂರಿನ ಕಡೆಯ ರೈಲು ಹಾದುಹೋಯಿತು. ಇಂಜಿನ್ನು ಪೂರ್ತಿ ನಡುಗಿತು, ತುಕ್ಕಿನ ಪುಡಿ ಉದುರಿತು. ಒಂದು ತೊಟ್ಟು ಎಣ್ಣೆ ನನ್ನ ಮಣಿಕಟ್ಟಿನ ಮೇಲೆ ಬಿತ್ತು. ಬೆಚ್ಚಗಿತ್ತು. ಮಧ್ಯಾಹ್ನದ ಬಿಸಿಲಿಗೆ ಕಾದಿರುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ.

ಮೂರನೇ ಸಲ ಆ ಮಾತು ಬಾಯಿಗೆ ಬರಲಿಲ್ಲ. ಮಣೆಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಅಪ್ಪ" ಅಂದೆ. "ನಾನು ಬಂದಿರ್ಲಿಲ್ಲ ಅಪ್ಪ. ಅವತ್ತು ಹೇಳಿದ್ದು ಸುಳ್ಳು. ನಿಂಗೊತ್ತಿತ್ತು ಅಂತ ನಂಗೆ ಆಮೇಲೆ ಗೊತ್ತಾಯ್ತು. ನೀನು ಹಂಗೇ ಇದ್ಬುಟ್ಟೆ, ಇಲ್ಲಿ. ತಪ್ಪಾಯ್ತು. ಈಗ ಬಾ, ಮೇಲಕ್ಕೆ ಹೋಗನ."

ಸ್ವಲ್ಪ ಹೊತ್ತು ಕೂತಿದ್ದೆ. ಕಬ್ಬಿಣವೂ ಸದ್ದು ಮಾಡಲಿಲ್ಲ, ಮರವೂ ಮಾಡಲಿಲ್ಲ. ಎದ್ದು, ಇಳಿದ ಕಡೆಯ ಮೆಟ್ಟಿಲಿಗೇ ಬಂದೆ. ತಿರುಗಿ ನೋಡಲಿಲ್ಲ. ಪಾಚಿಯ ಮೆಟ್ಟಿಲ ಮೇಲೆ ಕಾಲು ಜಾರುತ್ತಿತ್ತು. ಮಾವ ಬಗ್ಗಿ ಕೈ ಚಾಚಿದ. ಹಿಡಿದುಕೊಂಡು ಹತ್ತಿ, ಅವನ ಪಕ್ಕಕ್ಕೆ ಸರಿದು ನಿಂತೆ.

ಅವನು ನೆಟ್ಟಗಾಗಲಿಲ್ಲ. ಗುಂಡಿಯ ಕಡೆಗೆ ಇನ್ನೊಂದು ಸಲ ಕೈ ಚಾಚಿದ. ಒಂದು ಕಾಲನ್ನು ಹಿಂದಕ್ಕೆ ಊರಿ, ಭಾರ ಎಳೆಯುವವನಂತೆ ಮೈಯನ್ನು ಹಿಂದಕ್ಕೆ ವಾಲಿಸಿದ. ಅವನ ಮುಂಗೈಯ ನರ ಉಬ್ಬಿದ್ದನ್ನು ನಾನು ಕಣ್ಣಾರೆ ನೋಡಿದೆ. ಆಮೇಲೆ ಕೈ ಬಿಟ್ಟು, ನಡೆಯುವವರಿಗೆ ದಾರಿ ಬಿಡುವಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಉಸಿರು ಸಣ್ಣಗೆ ಏರಿತ್ತು.

"ನಿಮ್ಮಪ್ಪ ಒಸಿ ಬಡವಾಗವ್ನೆ ಕಣವ್ವ," ಅಂದ.

ಆಟೋ ಹತ್ತಿಸಿದ ದಿನ ಅಪ್ಪ ದುಂಡಗೇ ಇದ್ದ. ಆಮೇಲೆ ಮಾವ ಅವನನ್ನು ನೋಡೇ ಇಲ್ಲ. ಕೊನೆಯ ವಾರದಲ್ಲಿ ಅವನನ್ನು ಎತ್ತಿ ಕೂರಿಸುವುದಕ್ಕೆ ನನ್ನ ಒಂದು ಕೈ ಸಾಕಾಗುತ್ತಿತ್ತು. ಅದನ್ನು ನಾನು ಯಾರ ಹತ್ತಿರವೂ ಆಡಿರಲಿಲ್ಲ.

"ಹೂಂ ಮಾವ," ಅಂದೆ. "ಊಟ ಸೇರ್ತಿರ್ಲಿಲ್ಲ."

ಮಾವ ಬಗ್ಗಿ ಅಪ್ಪನ ಚಪ್ಪಲಿಯನ್ನು ಎತ್ತಿ, ಗೇಟಿನ ಕಡೆಗೆ ಮುಖವಾಗಿ ತಿರುಗಿಸಿಟ್ಟ. ಆಮೇಲೆ ಇಂಜಿನ್ನಿನ ಕಡೆ ಕೈ ತೋರಿಸಿ, "ಈಗ ತೆಗಿ ಹೋಗು" ಅಂದ.